ವಾಪಸ್ ಬಂದ ಪ್ಲೇಟುಗಳು

"ರೀ! ಏಳ್ರೀ ಮೇಲಕ್ಕೆ! ಅದೇನು ಬೆಂಚಾ, ಕೂತ್ಕೊಳ್ಳೋಕೆ?"

ವಿಮಲಾ ಬೆಚ್ಚಿ ಎದ್ದಳು. ಮಡಿಲಲ್ಲಿದ್ದ ಹುರಿಗಡಲೆ ಬೀರೂರು ಜಂಕ್ಷನ್ನಿನ ಪ್ಲಾಟ್‌ಫಾರಂ ಮೇಲೆಲ್ಲ ಚೆಲ್ಲಿಹೋಯಿತು.

ಎದುರಿಗೆ ಏದುಸಿರು ಬಿಡುತ್ತ ಒಬ್ಬ ಯುವಕ ನಿಂತಿದ್ದ. ಹೆಗಲಿಗೆ ತಾಕುವ ಕೂದಲು, ಕಾಲ ಬಳಿ ಅಗಲವಾಗಿ ಬೀಸುವ ಪ್ಯಾಂಟು. ಅವಳು ಕುಳಿತಿದ್ದ ಉದ್ದನೆಯ ಕರೀ ಪೆಟ್ಟಿಗೆಯನ್ನು ಹಸುಗೂಸನ್ನು ಎತ್ತಿಕೊಂಡಂತೆ ಎತ್ತಿಕೊಂಡ.

"ನೋಡಕ್ಕೆ ಹೆಣದ ಪೆಟ್ಟಿಗೆ ಥರ ಇತ್ತು. ಒಳಗೆ ಏನಿದೆ ಅಂತ ನನಗೇನು ಗೊತ್ತು?" ವಿಮಲಾ ಮುಖ ಕೆಂಪಗೆ ಮಾಡಿಕೊಂಡು ಹೇಳಿದಳು.

"ಹೆಣದ ಪೆಟ್ಟಿಗೆ ಅಂದ್ಕೊಂಡೂ ಅದರ ಮೇಲೆ ಕೂತ್ಕೊಂಡು ಕಡಲೆ ತಿಂತಿದ್ರಾ! ಭಲೇ ಧೈರ್ಯ ಕಣ್ರೀ ನಿಮ್ದು!"

ಹಿಂದೆ ಡ್ರಮ್ಮು ಹೊತ್ತು ನಿಂತಿದ್ದ ಅವನ ಗೆಳೆಯ ಲಕ್ಷ್ಮೀಪತಿ ಗಹಗಹಿಸಿ ನಕ್ಕ. "ಬಿಡೋ ತೀರ್ಥ. ನಿನ್ನ ಗಿಟಾರಿಗೆ ಇವತ್ತೇ ಒಬ್ಬರು ಮರ್ಯಾದೆ ಕೊಟ್ಟಿದ್ದು."

ನಗಬಾರದು ಎಂದುಕೊಂಡರೂ ವಿಮಲಾಗೆ ನಗು ಬಂದುಬಿಟ್ಟಿತು. ಆ ನಗು ನೋಡಿ ತೀರ್ಥಪ್ಪ ಪೆಟ್ಟಿಗೆ ಕೆಳಗಿಟ್ಟ. ಚೆಲ್ಲಿದ ಕಡಲೆಯನ್ನು ಬಗ್ಗಿ ಆರಿಸತೊಡಗಿದ.

ಅಯ್ಯೋ... ಅದೇ ಗಳಿಗೆ! ಅಜ್ಜಿಯ ಕತೆಗಳಲ್ಲಿ ರಾಜಕುಮಾರ ಏಳು ಸಮುದ್ರ ದಾಟಿ ಕುದುರೆ ಮೇಲೆ ಬರುತ್ತಿದ್ದ. ವಿಮಲಾಳ ಪಾಲಿಗೆ ಬಂದವನು ರೈಲ್ವೆ ಪ್ಲಾಟ್‌ಫಾರಂನಲ್ಲಿ ಮಂಡಿಯೂರಿ ಹುರಿಗಡಲೆ ಆರಿಸುತ್ತಿದ್ದ!

ಅದು ಎಪ್ಪತ್ತೊಂಬತ್ತನೇ ಇಸವಿ. ಅಜ್ಜಂಪುರದ ಬಟ್ಟೆ ಅಂಗಡಿ ದೇವೀರಪ್ಪನವರ ಮಗಳು ವಿಮಲಾ ಕಡೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಕಾಲೇಜು ಓದುತ್ತಿದ್ದಳು. ಶನಿವಾರ ಬಂತೆಂದರೆ ಊರಿಗೆ ಹೊರಡುವುದು. ಬೀರೂರಿನಲ್ಲಿ ಇಳಿದು ಅಜ್ಜಂಪುರದ ಗಾಡಿಗೆ ಕಾಯಬೇಕು. ಮೊದಲೆಲ್ಲ ಆ ಕಾಯುವಿಕೆ ಬೇಸರ ತರಿಸುತ್ತಿತ್ತು. ಆಮೇಲೆ ಗಾಡಿ ಇನ್ನೂ ತಡವಾಗಿ ಬರಲಿ ದೇವರೇ ಎಂದು ಬೇಡಿಕೊಳ್ಳುವಂತಾಯಿತು!

ತೀರ್ಥಪ್ಪನದು ಬೀರೂರಿನ ಕೊಬ್ಬರಿ ವ್ಯಾಪಾರದ ಮನೆತನ. ಸ್ಟೇಷನ್ ಹಿಂದಿನ ಅವರ ಗೋಡೌನಿನಲ್ಲಿ ಅವನೂ ಲಕ್ಷ್ಮೀಪತಿಯೂ ಭದ್ರಾವತಿಯ ಇಬ್ಬರು ಅಣ್ಣತಮ್ಮಂದಿರೂ ಸೇರಿ ಒಂದು ಬ್ಯಾಂಡ್ ಕಟ್ಟಿದ್ದರು. ಹೆಸರು 'ಜಂಕ್ಷನ್'.

"ಬ್ಯಾಂಡ್ ಅಂದ್ರೆ... ಮದುವೆ ಮೆರವಣಿಗೇಲಿ ಬರುತ್ತಲ್ಲ, ಅದಾ?" ವಿಮಲಾ ಮೊದಲ ಸಲ ಕೇಳಿದ್ದಳು.

"ಇವರೂ ಅದನ್ನೇ ಕೇಳಿದ್ರಲ್ಲೋ!" ತೀರ್ಥಪ್ಪ ಹಣೆ ಚಚ್ಚಿಕೊಂಡಿದ್ದ. "ರಾಕ್ ಬ್ಯಾಂಡ್ ಕಣ್ರೀ! ಸಿನಿಮಾ ಹಾಡು ಹಾಡಲ್ಲ ನಾವು. ನಮ್ಮದೇ ಹಾಡು. ಕನ್ನಡದ್ದು."

ಅವರು ನುಡಿಸತೊಡಗಿದರೆ ಗೋಡೌನಿನ ತಗಡು ಅದುರುತ್ತಿತ್ತು. ಅಟ್ಟದ ಮೇಲೆ ಒಣಗಲು ಹಾಕಿದ್ದ ತೆಂಗಿನಕಾಯಿಗಳೊಳಗೆ ಬಿಟ್ಟುಕೊಂಡ ಕೊಬ್ಬರಿ ಗಿಟುಕು ಗುಡುಗುಡು ಸದ್ದು ಮಾಡುತ್ತಿತ್ತು. "ಚಪ್ಪಾಳೆ ಹೊಡೆಯೋರು ಅವರೊಬ್ರೇ" ಎಂದು ಲಕ್ಷ್ಮೀಪತಿ ಮೇಲೆ ನೋಡಿ ಕೈ ಮುಗಿಯುತ್ತಿದ್ದ.

ಶನಿವಾರಗಳು ಕಳೆದವು. 'ನೀವು' ಹೋಗಿ ಅವನ ಬಾಯಲ್ಲಿ 'ನೀನು' ಬಂತು. ವಿಮಲಾ ಅಜ್ಜಿಯ ಕತೆಗಳನ್ನು ಹೇಳುವಳು, ತೀರ್ಥಪ್ಪ ಗಲ್ಲಕ್ಕೆ ಕೈ ಕೊಟ್ಟು ಕೇಳುವನು. ಯಾರೂ ಬಾಯಿ ಬಿಟ್ಟು ಏನನ್ನೂ ಹೇಳಲಿಲ್ಲ. ಹೇಳುವುದೇನಿತ್ತು? ಗಾಡಿ ಹೊರಟಾಗ ಅವನು ಕಿಟಕಿಯ ಜೊತೆ ನಡೆದು, ಆಮೇಲೆ ಓಡಿ, ಪ್ಲಾಟ್‌ಫಾರಂ ಮುಗಿದ ಕಡೆ ನಿಂತುಬಿಡುತ್ತಿದ್ದ. ಅಷ್ಟು ಸಾಕಾಗಿತ್ತು ಅವಳಿಗೆ.

ಒಂದು ದಿನ ಅವನು ಕುಣಿಯುತ್ತ ಬಂದ.

"ವಿಮಲಾ, ಪ್ಲೇಟು! ಮದ್ರಾಸಿನ ಸ್ಟುಡಿಯೋದಲ್ಲಿ ನಮ್ಮ ಹಾಡಿನ ಪ್ಲೇಟು, ಗ್ರಾಮಫೋನ್ ರೆಕಾರ್ಡು, ಮಾಡ್ತಾರಂತೆ! ಹಾಡೆಲ್ಲ ರೆಡಿ ಇದೆ. ಕೊನೆಗೆ ಒಂದು ಬೇಕು... ನಿಮ್ಮಜ್ಜಿ ರಾಗಿ ಬೀಸೋವಾಗ ಹೇಳೋ ಪದ ಅಂತ ಗುನುಗ್ತಿದ್ದೆಯಲ್ಲ, ಅದು ಕೊಡ್ತೀಯಾ?"

ವಿಮಲಾ ಕಣ್ಣು ಮುಚ್ಚಿ ಹಾಡಿದಳು.

ದೂರಾದ ದಾರೀಲಿ ಧೂಳೆದ್ದು ಕಾಣುತ್ತೆ
ಅಣ್ಣಾನೊ ಗಾಳೀಯೊ ತಿಳಿಯಾದು, ಹಡೆದವ್ವ,
ಹೊಸಲೀನ ಮ್ಯಾಲೆ ನಾ ನಿಂತು...

ಅಲ್ಲಿಗೆ ತಟ್ಟನೆ ನಿಲ್ಲಿಸಿದಳು.

"ಮುಂದಕ್ಕೆ?"

"ಮುಂದಕ್ಕೆ ಇಲ್ಲ. ಅಷ್ಟೇ."

"ಅಷ್ಟೇನಾ! ಅಣ್ಣ ಬಂದ್ನೋ, ಬರೀ ಗಾಳಿಯೋ?"

"ಗೊತ್ತಿಲ್ಲ. ಅಜ್ಜಿ ಯಾವತ್ತೂ ಅಲ್ಲಿಗೇ ನಿಲ್ಲಿಸೋದು. ಕಲ್ಲಿನೊಳಗೆ ಕಾಳು ಮುಗೀತು ಅಂದ್ರೆ ಪದಾನೂ ಮುಗೀತು. ಬರಿಗಲ್ಲು ತಿರುಗಿಸಬಾರದಂತೆ, ಮನೆಗೆ ಒಳ್ಳೇದಲ್ವಂತೆ. ತೀರ್ಥ, ಹಾಡೋದಾದ್ರೆ ಹಾಗೇ ಹಾಡ್ಬೇಕು. ನೀವೇ ಒಂದು ಕೊನೆ ಕಟ್ಟಿ ಅಂಟಿಸೋದಾದ್ರೆ ಬೇಡ. ನನ್ನಾಣೆ!"

ಅವನು ಅವಳ ಮುಖವನ್ನೇ ನೋಡಿದ. "ಆಯ್ತು ಮಾರಾಯ್ತಿ. ಒಂದಕ್ಷರ ಸೇರಿಸಲ್ಲ."

ಸೇರಿಸಲಿಲ್ಲ. ಮದ್ರಾಸಿನಿಂದ ಬಂದ ಮೇಲೆ ಲಕ್ಷ್ಮೀಪತಿ ಕತೆ ಹೇಳಿ ನಗಿಸಿದ್ದ. "ಎಲ್ರೂ ಒಟ್ಟಿಗೆ ಗಪ್ ಅಂತ ನಿಲ್ಲಿಸಿದ್ವಲ್ಲ, ಆ ರೆಕಾರ್ಡಿಂಗ್ ಮಾಡೋರು ಗಾಜಿನ ಹಿಂದಿಂದ ಓಡ್ಬಂದ್ರು. ಕರೆಂಟ್ ಹೋಯ್ತಾ, ಯಾರಿಗಾದ್ರೂ ಏನಾದ್ರೂ ಆಯ್ತಾ ಅಂತ!"

ಎಂಬತ್ತೊಂದರ ಬೇಸಿಗೆಯಲ್ಲಿ ಪ್ಲೇಟು ಬಂತು. ಆಗ ವಿಮಲಾಗೆ ಪರೀಕ್ಷೆ; ಎರಡು ತಿಂಗಳು ಕಡೂರು ಬಿಟ್ಟು ಕದಲಲಾಗಲಿಲ್ಲ. ಮುಗಿದದ್ದೇ ತಡ ಬೀರೂರಿಗೆ ಓಡಿಬಂದಳು. ಅಜ್ಜಂಪುರದ ಮನೆಯಲ್ಲಿ ಪ್ಲೇಟು ಹಾಕುವ ಮೆಷಿನ್ ಇರಲಿಲ್ಲ. ಅವನ ಜೊತೆಯಲ್ಲೇ ಕೂತು ಮೊದಲ ಸಲ ಕೇಳಬೇಕು ಅಂತ ಆಸೆ.

ಗೋಡೌನಿನ ಬಾಗಿಲಲ್ಲೇ ಕಾಲು ನಿಂತುಬಿಟ್ಟಿತು. ಒಳಗೆ ಜಗಳ!

"ಆ ಒಂದು ಹಾಡಿಂದ ಎಲ್ಲಾ ಹಾಳಾಯ್ತು ಕಣೋ! ಆ ಒಂದು ಹಾಡಿಂದ!" ಲಕ್ಷ್ಮೀಪತಿಯ ಗಂಟಲು ಒಡೆದಿತ್ತು. "ಈಗ್ಲೂ ಕಾಲ ಮಿಂಚಿಲ್ಲ. ಕಂಪನಿಯೋರು ಹೇಳ್ತಿದ್ದಾರಲ್ಲೋ. ಹೂಂ ಅನ್ನೋ!"

"ಆಗಲ್ಲ ಅಂದ್ನಲ್ಲ."

"ಯಾಕೋ? ಯಾಕೆ ಅಂತಾದ್ರೂ ಬೊಗಳೋ!"

ಲಕ್ಷ್ಮೀಪತಿ ಅವಳನ್ನು ದಾಟಿಕೊಂಡು ಹೊರಟುಹೋದ. ಕಣ್ಣು ಕೆಂಪಾಗಿತ್ತು. ಅವಳ ಮುಖ ನೋಡಲಿಲ್ಲ.

ಒಳಗೆ ಗೋಡೆಯುದ್ದಕ್ಕೂ ರಟ್ಟಿನ ಪೆಟ್ಟಿಗೆಗಳು. ಕಡೂರು, ತರೀಕೆರೆ, ಶಿವಮೊಗ್ಗ... ಎಲ್ಲ ಅಂಗಡಿಗಳಿಂದ ವಾಪಸ್ ಬಂದ ಪ್ಲೇಟುಗಳು. ಅವುಗಳ ಮಧ್ಯೆ ತೀರ್ಥಪ್ಪ ಸಾವಿನ ಮನೆಯಲ್ಲಿ ಕೂತಂತೆ ಕೂತಿದ್ದ.

"ತೀರ್ಥ... ನನ್ನ ಹಾಡಿಂದಾನಾ?"

ಅವನು ತಲೆ ಎತ್ತಿದ. ಪಕ್ಕದ ಪೆಟ್ಟಿಗೆಯ ಮುಚ್ಚಳ ತೆರೆದ. ಮತ್ತೆ ಮುಚ್ಚಿದ.

"ಹೇಳಿ! ನನ್ನ ಹಾಡು ಜನಕ್ಕೆ ಹಿಡಿಸ್ಲಿಲ್ವಾ?"

"ಪ್ಲೇಟು ಓಡ್ಲಿಲ್ಲ ವಿಮಲಾ. ಅಷ್ಟೇ. ಗಾಡಿ ಟೈಮಾಯ್ತು, ಊರಿಗೆ ಹೋಗು."

ಆ ದಿನ ಅವನು ಸ್ಟೇಷನ್ನಿಗೆ ಬರಲಿಲ್ಲ.

*ಅಡುಗೆಮನೆ ಹಾಡು ತಗೊಂಡು ಹೋಗಿ ಗಿಟಾರಿಗೆ ಕಟ್ಟಿದೆ. ಅವರ ಕನಸು ಮುಳುಗಿಸಿದೆ. ಇನ್ನು ನನ್ನ ಮುಖ ನೋಡಿದಾಗೆಲ್ಲ ಅವರಿಗೆ ಆ ಪೆಟ್ಟಿಗೆಗಳೇ ನೆನಪಾಗೋದು...* ಅಜ್ಜಂಪುರದ ತನಕ ವಿಮಲಾ ಸೆರಗು ಕಚ್ಚಿಕೊಂಡು ಅತ್ತಳು.

ಮುಂದಿನ ಶನಿವಾರ ಗೋಡೌನಿಗೆ ಬೀಗ. ಅದರ ಮುಂದಿನ ಶನಿವಾರವೂ ಬೀಗ. ಬ್ಯಾಂಡು ಒಡೆಯಿತು, ತೀರ್ಥಪ್ಪ ಚೌಳಹಿರಿಯೂರಿನ ಸೋದರಮಾವನ ತೋಟ ನೋಡಿಕೊಳ್ಳಲು ಹೋದನಂತೆ ಎಂದು ಯಾರೋ ಹೇಳಿದರು. ಒಂದು ಮಾತು, ಒಂದೇ ಒಂದು ಮಾತು ಹೇಳದೆ ಹೋಗಿದ್ದ!

ಮನೆಯಲ್ಲಿ ಚಿಕ್ಕಮಗಳೂರಿನ ಗಂಡು ಗೊತ್ತಾಯಿತು. ವಿಮಲಾ ಒಲ್ಲೆ ಎಂದಳು. ದೇವೀರಪ್ಪನವರು ಮಗಳ ಜೊತೆ ಬಹಳ ಕಾಲ ಮಾತು ಬಿಟ್ಟರು. ಆ ಚಳಿಗಾಲದಲ್ಲಿ ಅಜ್ಜಿ ದಾಕ್ಷಾಯಣಮ್ಮ ತೀರಿಕೊಂಡರು. ಸಾಯುವ ಮುಂಚೆ ಮೊಮ್ಮಗಳ ಕೈ ಹಿಡಿದು, "ಆ ಬೀರೂರಿನ ಹುಡುಗ... ಒಳ್ಳೇವ್ನು ಕಣೇ" ಅಂದರು. ಅಜ್ಜಿಗೆ ಅವನ ವಿಷಯ ಹೇಗೆ ಗೊತ್ತು? ಕೇಳುವಷ್ಟರಲ್ಲಿ ನಿದ್ದೆಗೆ ಜಾರಿದ್ದರು. ಆ ನಿದ್ದೆಯಿಂದ ಏಳಲಿಲ್ಲ.

ವಿಮಲಾ ತರೀಕೆರೆಯಲ್ಲಿ ಟೀಚರಾದಳು. ಮಕ್ಕಳಿಗೆ ಕತೆ ಹೇಳುವಳು. ಹಾಡು ಹೇಳಿ ಮಿಸ್ ಎಂದರೆ ಗಂಟಲು ಸರಿ ಇಲ್ಲ ಎನ್ನುವಳು. ಹೀಗೇ ಆರು ವರ್ಷ.

ಜೊತೆಯ ಟೀಚರ್ ಪುಟ್ಟಲಕ್ಷ್ಮಿಯ ತಂಗಿಯ ಮದುವೆ. ಚಪ್ಪರದ ಕೆಳಗೆ ಊಟದ ಎರಡನೇ ಪಂಕ್ತಿ ಕೂತಿತ್ತು. ಮೈಕ್ ಸೆಟ್ ಹನುಮಂತಪ್ಪ ಒಂದು ಪ್ಲೇಟು ಹಾಕಿ, ಕಾಫಿ ಕೊಡಲಿಲ್ಲವೆಂದು ಅಡುಗೆಯವರ ಜೊತೆ ಜಗಳಕ್ಕೆ ನಿಂತಿದ್ದ.

ಗಿಟಾರಿನ ಸದ್ದು.

ವಿಮಲಾಳ ಕೈಯಲ್ಲಿದ್ದ ತುತ್ತು ಎಲೆಯ ಮೇಲೆ ಬಿತ್ತು. ಆ ದನಿ... ಅವನದೇ ದನಿ!

"ದೂರಾದ ದಾರೀಲಿ ಧೂಳೆದ್ದು ಕಾಣುತ್ತೆ..."

ಡ್ರಮ್ಮು ಬೀಸುವ ಕಲ್ಲಿನಂತೆ ಸುತ್ತುತ್ತಿತ್ತು. ಅವನ ಗಂಟಲು ಏರುತ್ತ, ಏರುತ್ತ, "ಹೊಸಲೀನ ಮ್ಯಾಲೆ ನಾ ನಿಂತು..." ಎಂದದ್ದೇ ತಡ, ಎಲ್ಲ ನಿಂತಿತು. ಕತ್ತರಿಸಿದ ಹಾಗೆ.

"ಲೇ ಹನುಮಂತಪ್ಪಾ! ಪ್ಲೇಟು ಕೆಟ್ಟೋಗಿದೆ ತೆಗೆಯೋ! ಮದುವೆ ಮನೇಲಿ ಅಪಶಕುನದ ಥರ!" ಯಾರೋ ಕೂಗಿದರು. ಪಂಕ್ತಿಯೆಲ್ಲ ನಕ್ಕಿತು.

ವಿಮಲಾ ಎಂಜಲು ಕೈಯಲ್ಲೇ ಎದ್ದು ಬಂದಳು.

"ಇದು... ಈ ಪ್ಲೇಟು ನಿಮಗೆಲ್ಲಿ ಸಿಕ್ತು?"

"ಬೀರೂರಿನ ಹುಡುಗ್ರದ್ದು ಕಣಮ್ಮ. ಡ್ರಮ್ಮು ಬಾರಿಸ್ತಿದ್ದ ಲಕ್ಷ್ಮೀಪತಿ ಕೊಟ್ಟ. ರಾಶಿ ಬಿದ್ದಿತ್ತು, ಸುಮ್ನೆ ತಗೊಂಡ್ಹೋಗು ಅಂದ. ಬಾಕಿ ಹಾಡೆಲ್ಲ ಚೆಂದಾಗವೆ. ಇದೊಂದು ಬರೋ ಮುಂಚೆ ಮುಳ್ಳು ಎತ್ತಿಬಿಡ್ತೀನಿ, ಇವತ್ತು ಮರೆತೆ."

"ಯಾಕೆ ಎತ್ತೋದು?"

"ಕೇಳಿದ್ರಲ್ಲ! ನಡುವೆ ನಿಂತೋಗ್ತದೆ. ಜನ ಎಲ್ಲ ಪ್ಲೇಟೇ ಕೆಟ್ಟಿದೆ ಅಂತ ಅಂಗಡಿಗೆ ವಾಪಸ್ ಕೊಟ್ಟವ್ರೆ. ಅದಕ್ಕೇ ಮುಳುಗಿದ್ದು ಪಾಪ. ಕಂಪನಿಯೋರು, ಒಂದು ಕೊನೆ ಹಾಡಿ ಕೊಡಿ, ಮತ್ತೆ ಒತ್ತಿಸಿ ಕೊಡ್ತೀವಿ ಅಂದ್ರಂತೆ. ಆ ಹಾಡೋ ಆಯಪ್ಪ ಬಿಲ್‌ಕುಲ್ ಆಗಲ್ಲ ಅಂದನಂತೆ. ಯಾಕೆ ಅಂತ ಸಾಯೋವರೆಗೂ ಹೇಳಲ್ವಂತೆ. ಎಂಥಾ ಹಟ ಅಂತೀರಿ!"

ವಿಮಲಾ ಮೆಷಿನ್ನಿನ ಮೇಲಿದ್ದ ಪ್ಲೇಟನ್ನೇ ನೋಡಿದಳು.

*ನನ್ನಾಣೆ ಅಂದಿದ್ದೆ. ಅದಕ್ಕೇ... ನನ್ನ ಒಂದು ಮಾತಿಗೆ ಎಲ್ಲ ಕಳ್ಕೊಂಡ್ರಾ! ನಾನು ಆರು ವರ್ಷ ಅವರನ್ನೇ ಬೈಕೊಂಡು ಕೂತಿದ್ದೆನಲ್ಲ!*

ಮಾರನೇ ದಿನ ಬೆಳಗ್ಗೆ ಕಡೂರಿಗೆ ಬಂದು ಚೌಳಹಿರಿಯೂರಿನ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಮನಸ್ಸು ಒಂದೇ ಮಾತು ಕುಟ್ಟುತ್ತಿತ್ತು. *ಮದುವೆ ಆಗಿದ್ರೆ? ಮಕ್ಕಳಿದ್ರೆ? ಇರಲಿ. ಕ್ಷಮಿಸಿ ಅಂತ ಹೇಳಿ ಬಂದುಬಿಡ್ತೀನಿ.*

ತೋಟದ ಮನೆಯ ಜಗಲಿಯ ಮೇಲೆ ತೀರ್ಥಪ್ಪ ಕಾಯಿಗಳನ್ನು ಒಂದೊಂದೇ ಬಲಗಿವಿಯ ಹತ್ತಿರ ಹಿಡಿದು ಗುಡುಗುಡು ಅಲ್ಲಾಡಿಸಿ, ಒಣಗಿದ್ದನ್ನು ಬೇರೆ ಹಾಕುತ್ತಿದ್ದ. ಕೂದಲು ಗಿಡ್ಡವಾಗಿತ್ತು. ಕಿವಿಯ ಮೇಲೆ ಅಲ್ಲಲ್ಲಿ ಬಿಳಿ.

"ತೀರ್ಥ..."

ತಿರುಗಲಿಲ್ಲ.

"ತೀರ್ಥ, ನಾನು..."

ಇಲ್ಲ! ಕೇಳಿಯೂ ಕೇಳದವನಂತೆ ಕಾಯಿ ಅಲ್ಲಾಡಿಸುತ್ತಿದ್ದ. ವಿಮಲಾಳ ಕಣ್ಣು ತುಂಬಿತು. ಸರಿ, ಇಷ್ಟು ಕೋಪ ಇದ್ದರೆ ಹೋಗಿಬಿಡೋಣ ಎಂದು ಹಿಂದೆ ಸರಿದಳು. ಆಗ ಅವಳ ನೆರಳು ಕಾಯಿಗಳ ಮೇಲೆ ಬಿತ್ತು. ಅವನು ತಲೆ ಎತ್ತಿದ.

ಕೈಯಲ್ಲಿದ್ದ ಕಾಯಿ ಉರುಳಿಹೋಯಿತು.

"ವಿಮಲಾ...! ನೀನು... ಮನೆಯವರು ಬಂದಿದ್ದಾರಾ?"

"ಯಾವ ಮನೆಯವರು?"

"ಚಿಕ್ಕಮಗಳೂರಿನ... ನಿನಗೆ ಗಂಡು ಗೊತ್ತಾಗಿದೆ ಅಂತ..."

"ಗೊತ್ತಾಗಿತ್ತು. ನಾನು ಒಪ್ಲಿಲ್ಲ."

ಅವನು ಜಗಲಿಯ ಕಂಬ ಹಿಡಿದುಕೊಂಡ. ಕೊನೆಗೆ ವಿಮಲಾಳೇ ಜಗಲಿಯ ತುದಿಯಲ್ಲಿ ಕೂತಳು. ಅವನೂ ಒಂದಷ್ಟು ದೂರದಲ್ಲಿ, ಅವಳ ಮುಖವನ್ನೇ ನೋಡುತ್ತ ಕೂತ.

"ನಿನ್ನೆ ನಿಮ್ಮ ಪ್ಲೇಟು ಕೇಳ್ದೆ. ಮೊದಲನೇ ಸಲ. ಕಂಪನಿಯೋರು ಕೊನೆ ಸೇರಿಸಿ ಅಂದಾಗ ನನ್ನ ಆಣೆ ಅಂತ ಬಿಟ್ರಾ? ಹುಚ್ಚಾ ನಿಮಗೆ? ನನ್ನ ಕೇಳಿದ್ರೆ ಆಣೆ ವಾಪಸ್ ತಗೋತಿರ್ಲಿಲ್ವಾ?"

ಅವನು ತಲೆ ತಗ್ಗಿಸಿದ. "ಅದಲ್ಲ ವಿಮಲಾ. ಬಿಡು, ಈಗ್ಯಾಕೆ?"

"ಮತ್ತೇನು? ಇವತ್ತು ಹೇಳದೆ ನಾನು ಏಳಲ್ಲ!"

"ಪ್ಲೇಟು ಬಂದಾಗ ನೀನು ಪರೀಕ್ಷೇಲಿದ್ದೆ. ನನಗೆ ತಡೀಲಿಲ್ಲ. ಮೆಷಿನ್ ಎರವಲು ತಗೊಂಡು ಅಜ್ಜಂಪುರಕ್ಕೆ ಹೋದೆ, ನಿಮ್ಮಜ್ಜಿಗೆ ಕೇಳಿಸೋಣ ಅಂತ. ಕೇಳಿ ಎಷ್ಟು ಖುಷಿಪಟ್ರು ಅಂತೀಯ! ಕೊನೇಲಿ ನಕ್ಕುಬಿಟ್ರು. 'ಅಯ್ಯೋ ಮಗಾ, ನಡುವೆ ಯಾಕೆ ನಿಲ್ಲಿಸ್ಬಿಟ್ಟೆ? ಮದ್ರಾಸಲ್ಲಿ ಕಾಳು ಮುಗಿದಿತ್ತೇನೋ?' ಅಂದ್ರು."

ವಿಮಲಾ ಅವನ ಕಡೆಗೆ ತಿರುಗಿ ಕೂತಳು.

"ಆ ಪದಕ್ಕೆ ಕೊನೆ ಇದೆ ವಿಮಲಾ. ಉದ್ದಕ್ಕೆ ಇದೆ. ನಿಮ್ಮನೇಲಿ ದಿನಾ ಬೀಸ್ತಿದ್ದ ರಾಗಿ ಒಂದಿಷ್ಟೇ ಇರ್ತಿತ್ತು. ಅಷ್ಟಕ್ಕೆ ಅಷ್ಟೇ ಪದ ಸಾಕಾಗ್ತಿತ್ತು. ನೀನು ಅಜ್ಜಿ ಮಡಿಲಲ್ಲಿ ಮಲಗಿ ಅಷ್ಟೇ ಕೇಳಿದ್ದೆ. ಬರಿಗಲ್ಲು ತಿರುಗಿಸಬಾರದು ಅನ್ನೋದು ಕಲ್ಲಿನ ನೇಮ. ಹಾಡಿನದ್ದಲ್ಲ. ನೀನು ಚಿಕ್ಕೋಳು... ಎರಡೂ ಒಂದೇ ಅಂದ್ಕೊಂಡ್ಬಿಟ್ಟಿದ್ದೆ."

ಗಾಳಿಗೆ ತೆಂಗಿನ ಗರಿಗಳು ಒಂದಕ್ಕೊಂದು ಉಜ್ಜಿದವು.

"ಅಂದ್ರೆ... ನಾನೇ..."

"ಆಮೇಲೆ ಪ್ಲೇಟು ವಾಪಸ್ ಬರೋಕೆ ಶುರುವಾಯ್ತು. ಕೊನೆ ಹಾಡಿ ಕೊಟ್ರೆ, ನಿನ್ನ ತಪ್ಪಿಂದ ಪ್ಲೇಟು ಮುಳುಗಿದ್ದು ಅಂತ ನಿನಗೆ ಗೊತ್ತಾಗೋದು. ಅಜ್ಜಿ ಅಂದಿದ್ರು, 'ಆ ಹುಡುಗಿಗೆ ಹೇಳ್ಬೇಡ ಕಣಪ್ಪ, ಎದೆ ಒಡ್ಕೊಂಡ್ಬಿಡ್ತಾಳೆ' ಅಂತ. ನಿನ್ನ ಮುಂದೆ ನಿಂತ್ಕೊಂಡು ಸುಳ್ಳು ಹೇಳೋಕೆ ನನ್ನ ಕೈಲಿ ಆಗ್ತಿರ್ಲಿಲ್ಲ. ನಿಜ ಹೇಳೋಕೂ ಆಗ್ಲಿಲ್ಲ. ಅದಕ್ಕೇ..."

"ಅದಕ್ಕೇ ಓಡಿಹೋದ್ರಿ!"

ವಿಮಲಾ ಎದ್ದು ನಿಂತಿದ್ದಳು. ಮುಖದ ತುಂಬ ಕಣ್ಣೀರು.

"ಯಾರು ಹೇಳಿದ್ದು ನಿಮಗೆ, ನಾನು ತಡ್ಕೊಳಲ್ಲ ಅಂತ? ತಪ್ಪು ಮಾಡಿದ್ದು ಗೊತ್ತಾಗಿದ್ರೆ ಒಂದು ವಾರ ಅಳ್ತಿದ್ದೆ. ಆಮೇಲೆ ಲಕ್ಷ್ಮೀಪತಿ ಕಾಲು ಹಿಡ್ಕೊಂಡು, ನಿಮ್ಮನ್ನೆಲ್ಲ ನಾನೇ ಮದ್ರಾಸಿಗೆ ಎಳ್ಕೊಂಡು ಹೋಗ್ತಿದ್ದೆ! ನೀವು ಹೇಳದೆ ಉಳಿಸಿದ್ದೇನು? ನಾನು ಆರು ವರ್ಷ ದಿನಾ ಅತ್ತಿದ್ದೀನಿ ತೀರ್ಥ. ಅಜ್ಜಿಯೂ ಹೇಳದೆ ಹೋದ್ರು. ನೀವಿಬ್ರೂ ಸೇರಿ ನನ್ನ ಗಾಜಿನ ಗೊಂಬೆ ಮಾಡ್ಬಿಟ್ರಿ..."

ಅವನೂ ಅಳುತ್ತಿದ್ದ. ಸದ್ದಿಲ್ಲದೆ, ಕಣ್ಣೊರೆಸಿಕೊಳ್ಳದೆ.

ಅಳು ನಿಂತ ಮೇಲೆ ಅವಳು ಮೆಲ್ಲಗೆ ಕೇಳಿದಳು. "ಆ ಕೊನೆ... ಅಜ್ಜಿ ಹಾಡಿ ತೋರ್ಸಿದ್ರಾ?"

"ತೋರ್ಸಿದ್ರು."

"ನೆನಪಿದೆಯಾ?"

ಅವನು ತಲೆಯಾಡಿಸಿದ. "ಇಲ್ಲ ವಿಮಲಾ. ಅವರು ಹಾಡ್ತಿದ್ರು, ನನಗೆ ನಿನ್ನ ಮುಖ ಕಣ್ಮುಂದೆ. ಇದನ್ನ ನಿನಗೆ ಹೇಗೆ ಹೇಳ್ಲಿ ಅನ್ನೋದೇ. ಒಂದು ಸಾಲೂ ಒಳಗೆ ಇಳೀಲಿಲ್ಲ. ಆಮೇಲೆ ಕೇಳೋಣ ಅಂದ್ಕೊಂಡೆ..."

ಆಮೇಲೆ ಅಜ್ಜಿ ಇರಲಿಲ್ಲ. ಹಾಡಿನ ಉಳಿದ ಸಾಲುಗಳು ಅವರ ಜೊತೆಗೇ ಮಣ್ಣಿಗೆ ಹೋಗಿದ್ದವು. ಅಣ್ಣ ಬಂದನೋ, ಬರೀ ಗಾಳಿಯೋ... ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಅಜ್ಜಿ ಸತ್ತ ದಿನ ಅತ್ತದ್ದಕ್ಕಿಂತ ಹೆಚ್ಚಾಗಿ ವಿಮಲಾ ಈಗ ಅತ್ತಳು. ತೀರ್ಥಪ್ಪ ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದು ಅವಳ ಪಕ್ಕದಲ್ಲಿಟ್ಟ.

ಮುಖ ತೊಳೆದುಕೊಂಡು ಅವಳು ಕೂತಳು.

"ಒಂದು ಮಾತು ಕೊಡಿ. ಇನ್ಮೇಲೆ ಎಂಥಾ ಕೆಟ್ಟ ಸುದ್ದಿ ಇದ್ರೂ ಮೊದಲು ನನಗೇ ಹೇಳ್ಬೇಕು. ನನಗೆ ನೋವಾಗುತ್ತೆ ಅಂತ ಬಚ್ಚಿಡಬಾರದು."

"ಇನ್ಮೇಲೆ...?" ಅವನು ಆ ಪದವನ್ನೇ ನಂಬಲಾರದೆ ಹೇಳಿದ. "ಇನ್ಮೇಲೆ ಅಂತ ಒಂದಿದೆಯಾ ವಿಮಲಾ?"

"ಮೊದಲು ಮಾತು ಕೊಡಿ."

"ಕೊಟ್ಟೆ." ನೀರಿನ ಚೊಂಬು ಪಕ್ಕಕ್ಕೆ ಸರಿಸಿ, "ಹಾಗಾದ್ರೆ ಒಂದು ಈಗ್ಲೇ ಹೇಳ್ಬೇಕು" ಎಂದ.

"ಏನು?"

"ನನಗೆ ಎಡಗಿವಿ ಕೇಳಿಸಲ್ಲ. ಇಲ್ಲಿಗೆ ಬಂದ ವರ್ಷ ಕಿವಿ ಸೋರ್ತಿತ್ತು, ಗಮನ ಕೊಡ್ಲಿಲ್ಲ. ಶಿವಮೊಗ್ಗದ ಡಾಕ್ಟ್ರು ಇನ್ನು ಬರಲ್ಲ ಅಂದ್ರು. ಗಿಟಾರು ಹಿಡಿದ್ರೆ ಶ್ರುತಿ ಸೇರಿದೆಯೋ ಇಲ್ವೋ ತಿಳಿಯಲ್ಲ. ಅದಕ್ಕೇ ಹಿಡಿಯೋದು ಬಿಟ್ಟೆ. ನೀನು ಈಗ ಆ ಕಡೆಯಿಂದ ಮಾತಾಡ್ತಿದ್ದೀಯಲ್ಲ, ನಿನ್ನ ತುಟಿ ನೋಡಿ ಅರ್ಧ, ಊಹೆ ಮಾಡಿ ಅರ್ಧ ತಿಳ್ಕೋತಿದ್ದೀನಿ. ಆ ಬ್ಯಾಂಡಿನ ಹುಡುಗ ಈಗಿಲ್ಲ ವಿಮಲಾ. ಇರೋದು ಇಷ್ಟೇ."

ವಿಮಲಾ ಎದ್ದಳು. ಹೊರಟಳೆಂದುಕೊಂಡು ಅವನು ಕಣ್ಣು ಮುಚ್ಚಿದ.

ಸೀರೆಯ ಸರಬರ ಸದ್ದು ಅವನ ಹಿಂದಿನಿಂದ ಸುತ್ತಿ ಬಂತು. ಅವಳು ಅವನ ಬಲಗಡೆಗೆ ಬಂದು, ಹತ್ತಿರ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಕೂತಿದ್ದಳು.

"ಈ ಕಿವಿ?"

"ಇದು... ಚೆನ್ನಾಗಿದೆ."

ಅವಳು ಬಗ್ಗಿದಳು. ಇಷ್ಟು ವರ್ಷ ಯಾರೂ ಬಾಯಿ ಬಿಟ್ಟು ಹೇಳದೆ ಉಳಿದದ್ದನ್ನು ಆ ಕಿವಿಯಲ್ಲಿ ಹೇಳಿದಳು.

ತೀರ್ಥಪ್ಪ ಅಲುಗಾಡದೆ ಕೂತಿದ್ದ.

"ಕೇಳಿಸ್ಲಿಲ್ಲ."

"ಸುಳ್ಳು! ಚೆನ್ನಾಗಿದೆ ಅಂದ್ರಲ್ಲ!"

"ಚೆನ್ನಾಗಿದೆ." ಅವನ ಕಣ್ಣಿಂದ ಮತ್ತೆ ನೀರಿಳಿಯುತ್ತಿತ್ತು. "ಇನ್ನೊಂದ್ಸಲ ಹೇಳೇ."